ಗಿಡಮೂಲಿಕೆ ಅಂಗಡಿಯ ಕೋಜಿ ಪತ್ತೇದಾರಿ: ಹಿಡಿದು ಓದಿಸುವುದು ಯಾವುದು, ಸೊರಗುವುದು ಎಲ್ಲಿ?

ಕರಡುಪ್ರತಿ, ಶಿರಸಿ

ನಮ್ಮ ಓದುಬಳಗದ ಮುಂದಿನ ಚರ್ಚೆಗೆ ಒಂದು ಇಂಗ್ಲಿಷ್ ಕೋಜಿ ಮಿಸ್ಟರಿ, ಅಂದರೆ ರಕ್ತಪಾತ ತೋರಿಸದ ಹಗುರ ಪತ್ತೇದಾರಿ ಕಾದಂಬರಿ, ಆರಿಸಿಕೊಂಡಿದ್ದೇವೆ. ಅಮೆರಿಕದ ಚಿಕ್ಕ ಊರು, ಗಿಡಮೂಲಿಕೆ ಅಂಗಡಿ ಇಟ್ಟುಕೊಂಡ ನಡುವಯಸ್ಸಿನ ಹೆಂಗಸು, ನೆರೆಮನೆಯಲ್ಲೊಂದು ಸಾವು. ಪ್ರತಿ ಅಧ್ಯಾಯದ ಮೊದಲಿಗೆ ಒಂದು ಗಿಡದ ಬಗ್ಗೆ ನಾಲ್ಕು ಸಾಲು, ಪುಸ್ತಕದ ಕೊನೆಗೆ ಆರು ಅಡುಗೆ. ಸುಮಾರು 280 ಪುಟ, ಎರಡು ಸಂಜೆಗೆ ಮುಗಿಯುತ್ತದೆ. ಓದುವಷ್ಟು ಹೊತ್ತು ಹಿತವಾಗಿದೆ. ಮುಚ್ಚಿಟ್ಟ ಮೇಲೆ ರೋಸ್‌ಮೆರಿ ಹಾಕಿದ ಬ್ರೆಡ್ಡು ನೆನಪಿರುತ್ತದೆ, ಕೊಲೆ ಯಾಕಾಯಿತು ಅನ್ನುವುದು ಮರೆತುಹೋಗುತ್ತದೆ.

ಮೂರು ವಿಷಯ ತಿಳಿದವರು ಹೇಳಿ. ಇಂಥ ಪುಸ್ತಕದಲ್ಲಿ ಗಿಡಮೂಲಿಕೆ ನಿಜವಾಗಿ ಕೆಲಸ ಮಾಡುತ್ತಿದೆಯೋ, ಬರೀ ಅಲಂಕಾರವೋ ಎಂದು ಹೇಗೆ ಅಳೆಯುವುದು? ವಿಷ ಮತ್ತು ತನಿಖೆಯ ವಿವರದಲ್ಲಿ ಸಾಮಾನ್ಯವಾಗಿ ಎಲ್ಲಿ ಎಡವುತ್ತಾರೆ? ಇದೇ ಅಚ್ಚನ್ನು ಶಿರಸಿ, ಕಾರವಾರದ ಕಡೆ ತಂದು ಕನ್ನಡದಲ್ಲಿ ಬರೆಯುವುದಾದರೆ ಏನೇನು ಬದಲಾಗಬೇಕು? ಬಳಗದ ಇಬ್ಬರಿಗೆ ಬರೆಯುವ ಉಮೇದಿದೆ, ಹಾಗಾಗಿ ವಿವರ ಹೆಚ್ಚಾದರೂ ಚಿಂತೆಯಿಲ್ಲ.

ಹಿತ್ತಿಲಗಿಡ, ಸಿದ್ದಾಪುರ

ಮೊದಲನೆಯದಕ್ಕೆ ಒಂದು ಪರೀಕ್ಷೆ ಇದೆ. ಗಿಡಮೂಲಿಕೆ ಅಂಗಡಿ ತೆಗೆದು ಆ ಜಾಗದಲ್ಲಿ ಬಟ್ಟೆ ಅಂಗಡಿ ಇಟ್ಟು ನೋಡಿ. ಕಥೆ ಎಲ್ಲೂ ತಡೆಯದೆ ಮುಂದೆ ಹೋದರೆ ಗಿಡ ಬರೀ ತೋರಣ. ಈ ಬಗೆಯ ಹೆಚ್ಚಿನ ಪುಸ್ತಕಗಳು ಇಲ್ಲೇ ಸೋಲುತ್ತವೆ: ಅಧ್ಯಾಯದ ತಲೆಯ ಮೇಲೆ ಲ್ಯಾವೆಂಡರ್ ಬಗ್ಗೆ ಚಂದದ ಟಿಪ್ಪಣಿ, ಒಳಗೆ ಫೋನು, ಕಾರು, ಮಾತುಕತೆ.

ಗಿಡಕ್ಕೆ ಕಥೆಯಲ್ಲಿ ಕೆಲಸ ಸಿಗುವುದು ಅದರ ಸ್ವಭಾವದಿಂದ. ಯಾವ ತಿಂಗಳಲ್ಲಿ ಸಿಗುತ್ತದೆ, ಯಾವ ಮಣ್ಣಲ್ಲಿ ನಿಲ್ಲುತ್ತದೆ, ಬೇರಿಗೆ ಗುಣವೋ ಎಲೆಗೋ, ಬಾಯಿಗೆ ಹೇಗೆ ತಾಗುತ್ತದೆ, ಯಾವುದರ ಜೊತೆ ಗುರುತು ತಪ್ಪುತ್ತದೆ. ಈ ಕೊನೆಯದು ಬಹಳ ಫಲವತ್ತಾದ ಜಾಗ. ಇಂಗ್ಲೆಂಡ್ ಅಮೆರಿಕದ ಕಥೆಗಳಲ್ಲಿ ಫಾಕ್ಸ್‌ಗ್ಲೋವ್ ಎಂಬ ವಿಷದ ಗಿಡ ಮತ್ತು ಕಾಂಫ್ರೆ ಎಂಬ ಮದ್ದಿನ ಗಿಡದ ಜೋಡಿ ಬರುತ್ತದೆ. ಫಾಕ್ಸ್‌ಗ್ಲೋವ್ ಎರಡು ವರ್ಷದ ಗಿಡ. ಮೊದಲ ವರ್ಷ ನೆಲಕ್ಕಂಟಿದ ಎಲೆಗುಚ್ಛ ಮಾತ್ರ, ಹೂವು ಎರಡನೇ ವರ್ಷಕ್ಕೆ. ಹೂವಿಲ್ಲದಾಗ ಅದರ ಎಲೆಯನ್ನು ಕಾಂಫ್ರೆ ಎಂದು ತಿಳಿದು ಚಹಾ ಕಾಯಿಸಿ ಆಸ್ಪತ್ರೆ ಸೇರಿದವರು ನಿಜವಾಗಿಯೂ ಇದ್ದಾರೆ. ಹಾಗಾಗಿ ಕಾದಂಬರಿಯಲ್ಲಿ ಯಾರಾದರೂ ಫಾಕ್ಸ್‌ಗ್ಲೋವ್ ಹೂವು ನೋಡಿಯೂ ಕಾಂಫ್ರೆ ಎಂದುಕೊಂಡೆ ಅಂದರೆ ಅದು ಸುಳ್ಳು ಸಾಕ್ಷಿ. ಲೇಖಕಿ ಅದನ್ನು ಸುಳಿವಾಗಿ ಬಳಸಿದ್ದರೆ ಗಿಡ ಕೆಲಸ ಮಾಡಿದೆ. ಗಮನಿಸದೆ ಬರೆದಿದ್ದರೆ ಅಲ್ಲಿಗೆ ನಂಬಿಕೆ ಹೋಯಿತು.

ನಮ್ಮಲ್ಲಿ ಇಂಥ ಗೊಂದಲಕ್ಕೆ ಬರವಿಲ್ಲ. ಒಂದೆಲಗಕ್ಕೂ ಬ್ರಾಹ್ಮಿ ಅನ್ನುತ್ತಾರೆ, ನೀರುಬ್ರಾಹ್ಮಿಗೂ ಬ್ರಾಹ್ಮಿ ಅನ್ನುತ್ತಾರೆ. ಒಂದೆಲಗದ ಎಲೆ ದುಂಡಗೆ, ಅಂಚು ಗರಗಸದಂತೆ, ಒಂದು ತೊಟ್ಟಿಗೆ ಒಂದೇ ಎಲೆ. ನೀರುಬ್ರಾಹ್ಮಿಯದು ಸಣ್ಣ, ದಪ್ಪ, ರಸ ತುಂಬಿದ ಎಲೆ, ಕಾಂಡಕ್ಕೆ ಎದುರುಬದುರಾಗಿ ಕೂತಿರುತ್ತದೆ. ಎರಡೂ ವಿಷವಲ್ಲ. ಆದರೆ "ಬ್ರಾಹ್ಮಿ ಕೊಟ್ಟೆ" ಎಂದು ಇಬ್ಬರು ಹೇಳಿ, ಇಬ್ಬರೂ ಬೇರೆಬೇರೆ ಗಿಡ ಕೊಟ್ಟಿರಬಹುದು. ಪತ್ತೇದಾರಿಗೆ ಇದಕ್ಕಿಂತ ಒಳ್ಳೆಯ ಎಳೆ ಬೇಕೇ?

ವಿಷದ ವಿಚಾರದಲ್ಲಿ ದೊಡ್ಡ ತಪ್ಪು ವೇಳೆಯದ್ದು. ಒಂದು ಗುಟುಕು ಕುಡಿದ, ಲೋಟ ಬಿತ್ತು, ಆತನೂ ಬಿದ್ದ. ಗಿಡದ ವಿಷ ಬಹುಪಾಲು ಹಾಗೆ ನಡೆಯುವುದಿಲ್ಲ. ಗೌರಿಹೂವಿನ ಗಡ್ಡೆಯಲ್ಲಿರುವುದು ಕೋಲ್ಚಿಸಿನ್. ಅದು ಒಳಗೆ ಹೋದರೆ ಕೆಲವು ಗಂಟೆ ಏನೂ ಗೊತ್ತಾಗುವುದಿಲ್ಲ, ಆಮೇಲೆ ವಾಂತಿ, ಭೇದಿ, ಮುಂದಿನ ಎರಡು ಮೂರು ದಿನದಲ್ಲಿ ಒಂದೊಂದೇ ಅಂಗ ಸೋಲುತ್ತದೆ. ಬದುಕಿ ಉಳಿದವರಿಗೆ ವಾರ ಎರಡು ವಾರದೊಳಗೆ ಕೂದಲು ಉದುರುತ್ತದೆ. ಹಾಗಿದ್ದ ಮೇಲೆ "ಸಾಯುವಾಗ ಪಕ್ಕದಲ್ಲಿ ಯಾರಿದ್ದರು" ಅನ್ನುವ ಪ್ರಶ್ನೆಗೇ ಅರ್ಥವಿಲ್ಲ, "ಹಿಂದಿನ ದಿನ ಎಲ್ಲಿ ಉಂಡಿದ್ದರು" ಎಂದು ಕೇಳಬೇಕು. ಇಷ್ಟು ತಿಳಿದು ಬರೆದರೆ ತನಿಖೆಯ ದಾರಿಯೇ ಬೇರೆಯಾಗುತ್ತದೆ.

ಕಾಸರಕ ನಮ್ಮ ಕರಾವಳಿಯ ಬೇಣದಲ್ಲೂ ಕಾಡಿನಂಚಿನಲ್ಲೂ ಧಾರಾಳ. ಕಿತ್ತಳೆ ಬಣ್ಣದ ಹಣ್ಣಿನ ತಿರುಳನ್ನು ಮಂಗಟ್ಟೆ ಹಕ್ಕಿ ತಿನ್ನುತ್ತದೆ. ವಿಷ ಇರುವುದು ಮುಖ್ಯವಾಗಿ ಬೀಜದಲ್ಲಿ, ಬೂದಿ ಬಣ್ಣದ, ರೇಷ್ಮೆಗೂದಲು ಹೊದ್ದ ಗುಂಡಿಯಂಥ ಬೀಜ. ಅದರಲ್ಲಿನ ಸ್ಟ್ರಿಕ್ನಿನ್ ಅನ್ನು 1818ರಲ್ಲೇ ಫ್ರಾನ್ಸಿನಲ್ಲಿ ಬೇರ್ಪಡಿಸಿದ್ದಾರೆ. ಅದು ವಿಪರೀತ ಕಹಿ. ಸಿಹಿ ಪಾಯಸದಲ್ಲಿ ಉಂಡು ಗೊತ್ತಾಗಲಿಲ್ಲ ಎಂದು ಬರೆದರೆ ಉತ್ತರ ಕನ್ನಡದ ಓದುಗ ಒಪ್ಪುವುದಿಲ್ಲ, "ಕಾಸರಕದಂಥ ಕಹಿ" ಅನ್ನುವುದು ಬಾಯಲ್ಲೇ ಇರುವ ಮಾತು.

ಅಂಗಡಿಯ ಚಿತ್ರವನ್ನೂ ಇಲ್ಲಿಗೆ ಎತ್ತಿ ತರಬೇಡಿ. ಮಾಡಿನಿಂದ ತೂಗುವ ಲ್ಯಾವೆಂಡರ್ ಕಟ್ಟು ಒಣಹವೆಯ ಊರಿನದು. ಅಲ್ಲೂ ಕಟ್ಟು ದಪ್ಪವಾದರೆ ನಡುವಿನ ಕಡ್ಡಿಗೆ ಬೂಸ್ಟು ಹಿಡಿಯುತ್ತದೆ. ಶಿರಸಿಯ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಥಂಡಿಯಲ್ಲಿ ತೂಗುಹಾಕಿದ ಸೊಪ್ಪು ನಾಲ್ಕೇ ದಿನದಲ್ಲಿ ಕಪ್ಪಾಗುತ್ತದೆ. ನಮ್ಮಲ್ಲಿ ಬೇರು, ಕಾಯಿ, ಸಿಪ್ಪೆ ಉಳಿಯುವುದು ಒಲೆಯ ಮೇಲಿನ ಅಟ್ಟದಲ್ಲಿ, ಹೊಗೆ ತಾಗುತ್ತಾ. ಆ ಹೊಗೆಯ ವಾಸನೆಯೂ ಒಂದು ಸುಳಿವಾಗಬಹುದು: ಮನೆಯ ಅಟ್ಟದ ಮಾಲು ಯಾವುದು, ಪೇಟೆಯ ಗ್ರಂಧಿಗೆ ಅಂಗಡಿಯಿಂದ ತಂದದ್ದು ಯಾವುದು ಎಂದು ಮೂಗಿಗೇ ಗೊತ್ತಾಗುತ್ತದೆ.

ಪುಸ್ತಕದಕಪಾಟು, ಕುಮಟಾ

ಹಿತ್ತಿಲಗಿಡ ಅವರೇ, ನಿಮ್ಮ ವಿವರಕ್ಕೆ ಕೈಮುಗಿದೆ, ಆದರೆ ಪರೀಕ್ಷೆ ಸ್ವಲ್ಪ ಕಠಿಣವಾಯಿತು. ಕೋಜಿಯನ್ನು ಜನ ಓದುವುದು ವಿಷಶಾಸ್ತ್ರಕ್ಕಲ್ಲ. ಇಡೀ ಪ್ರಕಾರ ನಿಂತಿರುವುದು ಒಂದು ಕರಾರಿನ ಮೇಲೆ: ಕೊಲೆ ತೆರೆಮರೆಯಲ್ಲಿ ಆಗುತ್ತದೆ, ರಕ್ತ ಚೆಲ್ಲುವುದನ್ನು ತೋರಿಸುವುದಿಲ್ಲ, ಹಾಸಿಗೆಮನೆಯ ಬಾಗಿಲು ಮುಚ್ಚಿರುತ್ತದೆ, ಪತ್ತೆ ಮಾಡುವವರು ಪೊಲೀಸರಲ್ಲ, ಕೊನೆಗೆ ಊರು ಮೊದಲಿನಂತಾಗುತ್ತದೆ. ಅಮೆರಿಕದಲ್ಲಿ 1989ರಿಂದ ಈ ಬಗೆಯ ಪುಸ್ತಕಗಳಿಗೆಂದೇ ಅಗಾಥಾ ಕ್ರಿಸ್ಟಿ ಹೆಸರಿನ ಪ್ರಶಸ್ತಿ ಇದೆ, ಅದರ ನಿಯಮದಲ್ಲೇ ಅತಿಯಾದ ಹಿಂಸೆ, ಬಿಚ್ಚುಬಿಚ್ಚು ಲೈಂಗಿಕತೆ ಇರಬಾರದು ಎಂದಿದೆ. ಆಸ್ಪತ್ರೆಯಲ್ಲಿ ಕೂತವರು, ರಾತ್ರಿ ನಿದ್ದೆ ಬಾರದವರು, ಬೇರೆ ಥ್ರಿಲ್ಲರುಗಳ ಕ್ರೌರ್ಯ ಸಾಕಾದವರು ಇದನ್ನು ಹಿಡಿಯುತ್ತಾರೆ. ಅವರಿಗೆ ಸಿಗುವ ನೆಮ್ಮದಿ ಸಣ್ಣದಲ್ಲ.

ಗಿಡಮೂಲಿಕೆ ಅಂಗಡಿ ಈ ಪ್ರಕಾರಕ್ಕೆ ಚೆನ್ನಾಗಿ ಒಗ್ಗುವುದಕ್ಕೂ ಕಾರಣವಿದೆ. ಅಂಗಡಿಗೆ ಎಲ್ಲರೂ ಬರುತ್ತಾರೆ, ಬಂದವರು ತಮ್ಮ ನೋವು ಹೇಳಿಕೊಳ್ಳುತ್ತಾರೆ, ಅಂಗಡಿಯವಳು ಏನೂ ಕೇಳದೆಯೇ ಯಾರಿಗೆ ನಿದ್ದೆಯಿಲ್ಲ, ಯಾರಿಗೆ ಹೊಟ್ಟೆಯುರಿ ಎಂದು ತಿಳಿಯುತ್ತಾಳೆ. ಬಟ್ಟೆ ಅಂಗಡಿಯಲ್ಲಿ ಇದು ನಡೆಯುವುದಿಲ್ಲ. ಹಾಗಾಗಿ ನಿಮ್ಮ ಪರೀಕ್ಷೆಯಲ್ಲೇ ಎಷ್ಟೋ ಪುಸ್ತಕ ಪಾಸಾಗುತ್ತವೆ!

ಇನ್ನು ಕೊರತೆಗಳು. ಒಂದು, ಕಾರಣದ ಬಡತನ. 200 ಪುಟ ಊರು ಸುತ್ತಿಸಿ ಕೊನೆಗೆ "ಹಳೆಯ ಹೊಟ್ಟೆಕಿಚ್ಚು" ಎಂದುಬಿಡುತ್ತಾರೆ. ಎರಡು, ತಪ್ಪೊಪ್ಪಿಗೆ. ಸುಳಿವು ಕೂಡಿಸಿ ತೀರ್ಮಾನಕ್ಕೆ ಬರುವ ಬದಲು ನಾಯಕಿ ಒಬ್ಬಳೇ ಕೊಲೆಗಾರನ ಎದುರು ನಿಲ್ಲುತ್ತಾಳೆ, ಅವನು ಎಲ್ಲ ಹೇಳುತ್ತಾನೆ. ಓದುಗರಿಗೆ ಆಟದಲ್ಲಿ ಪಾಲೇ ಸಿಗುವುದಿಲ್ಲ. ಮೂರು, ನಡುವಿನ ಸೊರಗು. ಹೆಣ ಮೊದಲ 50 ಪುಟದೊಳಗೆ ಬರುತ್ತದೆ, ಅಲ್ಲಿಂದ 180ರವರೆಗೆ ಚಹಾ, ಬೆಕ್ಕು, ಗೆಳತಿಯ ಮದುವೆ. ಈ ಭಾಗದಲ್ಲಿ ಪ್ರತಿ ಎರಡು ಅಧ್ಯಾಯಕ್ಕೊಮ್ಮೆ ಓದುಗರ ಅನುಮಾನ ಒಬ್ಬರಿಂದ ಇನ್ನೊಬ್ಬರಿಗೆ ಸರಿಯಬೇಕು. ಸರಿಯದಿದ್ದರೆ ಆ ಎರಡು ಅಧ್ಯಾಯ ಹರಿದು ಹಾಕಬಹುದು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಓದಿ ಬೆಳೆದ ಕನ್ನಡ ಓದುಗನಿಗೆ ಪುಟ ತಿರುಗಿಸುವ ಅವಸರ ಅಭ್ಯಾಸವಾಗಿದೆ, ಚಹಾದ ಹಬೆಯಲ್ಲಿ 130 ಪುಟ ಅವನು ಕಾಯುವುದಿಲ್ಲ.

ವಿಷದ ವಿಷಯಕ್ಕೆ 1929ರಲ್ಲೇ ಇಂಗ್ಲೆಂಡಿನ ರೊನಾಲ್ಡ್ ನಾಕ್ಸ್ ಒಂದು ನಿಯಮ ಹಾಕಿದ್ದಾರೆ: ಯಾರೂ ಕಂಡುಕೇಳರಿಯದ ವಿಷ ಬಳಸಬಾರದು, ಕೊನೆಗೆ ಉದ್ದನೆಯ ವಿಜ್ಞಾನದ ವಿವರಣೆ ಬೇಕಾಗುವಂಥ ಸಾಧನವೂ ಬೇಡ. ಗಿಡಮೂಲಿಕೆಯ ಕಥೆಗಳು ಮುರಿಯುವುದು ಇದನ್ನೇ. ಯಾವುದೋ ದೂರದ ಕಾಡಿನ ಬೇರು 270ನೇ ಪುಟದಲ್ಲಿ ಮೊದಲ ಸಲ ಕಾಣಿಸಿಕೊಳ್ಳುತ್ತದೆ. ವಿಷವಾಗುವ ಗಿಡ ಮೊದಲ ಮೂರನೇ ಒಂದು ಭಾಗದೊಳಗೆ, ಬೇಲಿಯಲ್ಲೋ ಹೂದಾನಿಯಲ್ಲೋ, ಬೇರೆ ಐದು ಗಿಡಗಳ ನಡುವೆ ಓದುಗರ ಕಣ್ಣಿಗೆ ಬಿದ್ದಿರಬೇಕು. ಅಗಾಥಾ ಕ್ರಿಸ್ಟಿ ಮೊದಲ ಮಹಾಯುದ್ಧದ ಹೊತ್ತಿಗೆ ಟಾರ್ಕಿ ಊರಿನ ಆಸ್ಪತ್ರೆಯ ಔಷಧ ವಿಭಾಗದಲ್ಲಿ ಕೆಲಸ ಮಾಡಿದವರು. 1920ರಲ್ಲಿ ಬಂದ ಅವರ ಮೊದಲ ಕಾದಂಬರಿಯಲ್ಲೂ ಸ್ಟ್ರಿಕ್ನಿನ್ ಇದೆ, ಅದರ ಕಹಿ, ಅದು ಕೆಲಸ ಮಾಡುವ ವೇಳೆ ಎರಡೂ ಕಥೆಯ ಗಂಟಿನೊಳಗೇ ಇವೆ. ಅಂದರೆ ಹಿತ್ತಿಲಗಿಡ ಅವರು ಕೇಳುವ ಖಚಿತತೆಯನ್ನೂ ಹಗುರತೆಯನ್ನೂ ಒಟ್ಟಿಗೆ ತರಲು ಸಾಧ್ಯ.

ಕಡಲದಂಡೆ, ಕಾರವಾರ

ತನಿಖೆಯ ಕಡೆಯದನ್ನು ಹೇಳುತ್ತೇನೆ.

ಕೋಜಿಯಲ್ಲಿ ನಾಯಕಿಗೆ ಪೊಲೀಸ್ ಸ್ನೇಹಿತನೊಬ್ಬ ಇರಲೇಬೇಕು, ಅವನೇ ಮರಣೋತ್ತರ ವರದಿ ಬಾಯಿಬಿಡುತ್ತಾನೆ. ನಮ್ಮಲ್ಲಿ ಅದರ ಅಗತ್ಯವೇ ಇಲ್ಲ, ಕಾನೂನೇ ಒಂದು ಬಾಗಿಲು ತೆರೆದಿದೆ. ಅಸಹಜ ಸಾವಾದರೆ ಠಾಣೆಯಲ್ಲಿ ಯುಡಿಆರ್, ಅಂದರೆ ಅಸಹಜ ಸಾವಿನ ವರದಿ, ದಾಖಲಾಗುತ್ತದೆ, ಶವ ಪಂಚನಾಮೆ ಆಗುತ್ತದೆ. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 174ನೇ ಕಲಂ, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194. ಆ ಪಂಚನಾಮೆ ನೆರೆಹೊರೆಯ ಇಬ್ಬರು ಅಥವಾ ಹೆಚ್ಚು ಗೌರವಸ್ಥರ ಎದುರು ನಡೆಯಬೇಕು. ನಿಮ್ಮ ನಾಯಕಿಯನ್ನು ಪಂಚರಲ್ಲಿ ಒಬ್ಬಳನ್ನಾಗಿ ಮಾಡಿ. ಶವ ಹೇಗಿತ್ತು, ಚಾಪೆ ಎಲ್ಲಿತ್ತು, ಲೋಟದ ತಳದಲ್ಲಿ ಏನು ಅಂಟಿತ್ತು ಎಂದು ಅವಳು ಕಣ್ಣಾರೆ ನೋಡಿ ಸಹಿ ಹಾಕುತ್ತಾಳೆ. ಯಾರ ಗುಟ್ಟನ್ನೂ ಕದಿಯಬೇಕಿಲ್ಲ. ಮುಂದೆ ನ್ಯಾಯಾಲಯದಲ್ಲಿ ಸಾಕ್ಷಿ ಹೇಳಬೇಕಾಗಬಹುದು ಅನ್ನುವ ಭಾರವೂ ಅವಳ ಮೇಲೆ ಬರುತ್ತದೆ, ಅದು ಪಾತ್ರಕ್ಕೆ ಒಳ್ಳೆಯದು. ಎಲ್ಲ ಬಿಟ್ಟು ಅವಳೇ ಯಾಕೆ ತಲೆ ಹಾಕುತ್ತಾಳೆ ಅನ್ನುವ ಪ್ರಶ್ನೆಗೆ ಇಂಗ್ಲಿಷ್ ಕೋಜಿಗಳಲ್ಲಿ ನೆಟ್ಟಗೆ ಉತ್ತರ ಇರುವುದಿಲ್ಲ, ಇಲ್ಲಿ ಅವಳ ಸಹಿಯೇ ಉತ್ತರ.

ವಿಷದ ಅನುಮಾನ ಬಂದರೆ ಮರಣೋತ್ತರ ಪರೀಕ್ಷೆಯಲ್ಲಿ ಜಠರ, ಕರುಳಿನ ಭಾಗ, ಯಕೃತ್ತು, ಮೂತ್ರಪಿಂಡದ ತುಂಡುಗಳನ್ನು ಗಾಜಿನ ಜಾಡಿಗಳಲ್ಲಿ ಗಟ್ಟಿ ಉಪ್ಪುನೀರಿನಲ್ಲಿ ಮುಳುಗಿಸಿ, ಮೊಹರು ಹಾಕಿ, ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಮಾಮೂಲಿ ಉಪ್ಪು, ಕರಗಿ ಮಿಕ್ಕಿ ತಳದಲ್ಲಿ ನಿಲ್ಲುವಷ್ಟು. ವರದಿ ಬರಲು ವಾರಗಳು, ಕೆಲವೊಮ್ಮೆ ತಿಂಗಳುಗಳು. ಕಾದಂಬರಿಯಲ್ಲಿ ಮರುದಿನ ಬೆಳಿಗ್ಗೆ ಫೋನು ಬರುವುದು ಸುಳ್ಳು. ಆದರೆ ಆ ತಡವೇ ನಿಮಗೆ ವರ. ವರದಿ ಬರುವ ಮೊದಲು ಊರು ತನ್ನದೇ ತೀರ್ಪು ಕೊಟ್ಟುಬಿಟ್ಟಿರುತ್ತದೆ, ಕಷಾಯ ಕೊಟ್ಟ ಅಜ್ಜಿಯ ಮನೆಗೆ ಜನ ಹೋಗುವುದು ನಿಲ್ಲಿಸುತ್ತಾರೆ. ಕಥೆಗೆ ಅವಸರ ಬರುವುದು ಅಲ್ಲಿಂದ.

ಇನ್ನೊಂದು: ಅಮೆರಿಕದಲ್ಲಿ 1994ರ ಕಾಯ್ದೆಯಂತೆ ಗಿಡಮೂಲಿಕೆಯನ್ನು ಆಹಾರ ಪೂರಕವೆಂದು ಮಾರಬಹುದು, ಮೊದಲೇ ಸರ್ಕಾರದ ಒಪ್ಪಿಗೆ ಬೇಕಿಲ್ಲ. ಅದಕ್ಕೇ ಅಲ್ಲಿನ ಕಥೆಯಲ್ಲಿ ಅಂಗಡಿಯವಳು ತಾನೇ ಟಿಂಚರ್ ಮಾಡಿ ಶೀಶೆಗೆ ತುಂಬುತ್ತಾಳೆ. ಇಲ್ಲಿ ಆಯುರ್ವೇದ ಔಷಧ ತಯಾರಿಸಿ ಮಾರಲು ಪರವಾನಗಿ ಬೇಕು. 1945ರ ಔಷಧ ನಿಯಮಗಳ ಇ(1) ಅನುಸೂಚಿಯಲ್ಲಿ, ಅಂದರೆ ವಿಷದ ಪದಾರ್ಥಗಳ ಪಟ್ಟಿಯಲ್ಲಿ, ಕಾಸರಕ, ಗೌರಿಗಡ್ಡೆ, ಗುಲಗಂಜಿ, ದತ್ತೂರ, ಕಣಗಿಲೆ, ವತ್ಸನಾಭಿ ಎಲ್ಲ ಇವೆ. ಇವು ಸೇರಿದ ಹೊಟ್ಟೆಗೆ ಕೊಡುವ ಔಷಧದ ಮೇಲೆ ವೈದ್ಯರ ಮೇಲ್ವಿಚಾರಣೆಯಲ್ಲಿ ಮಾತ್ರ ಎಂಬ ಎಚ್ಚರಿಕೆ ಇರಬೇಕು. ಚೀಟಿ ಇಲ್ಲದ ಶೀಶೆ ಸಿಕ್ಕಿದರೆ ಅದೇ ಒಂದು ಸುಳಿವು.

ಕಾರಣದ ಬಡತನ ಎಂದರಲ್ಲ, ನಮ್ಮ ಜಿಲ್ಲೆಯಲ್ಲಿ ಅದು ಬರಬಾರದು. ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನಬೆಟ್ಟದ, ಅಂದರೆ ತೋಟದ ಗೊಬ್ಬರಕ್ಕೆ ಸೊಪ್ಪು ತರುವ ಕಾಡಿನ, ಸವಲತ್ತು ಇರುವ ಸೀಮೆ ಇದು. ತೋಟ ಅಣ್ಣತಮ್ಮಂದಿರ ನಡುವೆ ಹಿಸೆ ಆದಾಗ ಬೆಟ್ಟ ಯಾರ ಪಾಲಿಗೆ, ಅಲ್ಲಿನ ಉಪ್ಪಾಗೆ, ಮುರುಗಲು, ರಾಮಪತ್ರೆ ಯಾರು ಕೊಯ್ಯಬೇಕು. ಗಿಡಮೂಲಿಕೆ, ಹಣ, ದಾಯಾದಿತನ ಒಂದೇ ಬೇಲಿಯ ಮೇಲೆ ಕೂತಿವೆ.

ತಂಬುಳಿ, ಯಲ್ಲಾಪುರ

ಕೊನೆಗೆ ಕೊಡುವ ಅಡುಗೆಗಳ ಬಗ್ಗೆ ಯಾರೂ ಹೇಳಲಿಲ್ಲ. ಓದುಗರು ನಿಜವಾಗಿ ಮಾಡಿ ನೋಡುವ ಭಾಗ ಅದೊಂದೇ, ಅಲ್ಲಿ ತಪ್ಪಿದರೆ ಕ್ಷಮೆಯಿಲ್ಲ.

ಬಳಗದವರು ಇಂಗ್ಲಿಷ್ ಪುಸ್ತಕದ ಅಡುಗೆ ಮಾಡುವುದಾದರೆ: ಅಮೆರಿಕದ ಕಪ್ಪು ಸುಮಾರು 240 ಮಿಲಿ, ದೊಡ್ಡ ಚಮಚ 15 ಮಿಲಿ, 350 ಡಿಗ್ರಿ ಫ್ಯಾರನ್‌ಹೀಟ್ ಅಂದರೆ ಹತ್ತಿರಹತ್ತಿರ 175 ಸೆಲ್ಸಿಯಸ್. ಹಸಿ ಥೈಮ್ ಮೂರು ಚಮಚ ಹೇಳಿದ್ದರೆ ಒಣಗಿದ್ದು ಒಂದೇ ಚಮಚ. ನಮ್ಮ ಅಂಗಡಿಯಲ್ಲಿ ಸಿಗುವುದು ಒಣಗಿದ್ದು. ಅಳತೆ ಬದಲಿಸದೆ ಹಾಕಿದರೆ ಬ್ರೆಡ್ಡು ಔಷಧಿಯಂತೆ ಕಹಿಯಾಗುತ್ತದೆ. ದೊಡ್ಡಪತ್ರೆಯನ್ನು ಥೈಮ್ ಬದಲಿಗೆ ಹಾಕಬಹುದು, ವಾಸನೆ ಹತ್ತಿರ ಬರುತ್ತದೆ, ಆದರೆ ಎಲೆಯಲ್ಲಿ ನೀರು ಹೆಚ್ಚು. ಸಣ್ಣಗೆ ಕೊಚ್ಚಿ ಹಿಂಡಿ ಹಾಕಿ, ಇಲ್ಲದಿದ್ದರೆ ಹಿಟ್ಟು ನೀರಾಗುತ್ತದೆ.

ಕನ್ನಡದ ಪುಸ್ತಕಕ್ಕೆ ತಂಬುಳಿಗಿಂತ ಒಳ್ಳೆಯದಿಲ್ಲ. ಒಂದೆಲಗ 20ರಿಂದ 25 ಎಲೆ, ಎಳೆಯ ತೊಟ್ಟು ಸಮೇತ, ಮಣ್ಣು ಹೋಗುವ ಹಾಗೆ ಮೂರು ನೀರಲ್ಲಿ ತೊಳೆದದ್ದು. ಒಂದು ಚಮಚ ತುಪ್ಪದಲ್ಲಿ ಅರ್ಧ ಚಮಚ ಜೀರಿಗೆ, ಆರು ಕಾಳುಮೆಣಸು ಹುರಿದು, ಎಲೆ ಹಾಕಿ ಬಾಡಿಸಿ. ಆರಿದ ಮೇಲೆ ಕಾಲು ಕಪ್ಪು ಕಾಯಿತುರಿ ಸೇರಿಸಿ ನುಣ್ಣಗೆ ಬೀಸಿ. ಒಂದೂವರೆ ಕಪ್ಪು ಮಜ್ಜಿಗೆ, ಉಪ್ಪು. ಕುದಿಸಬಾರದು, ಕುದಿಸಿದರೆ ಮಜ್ಜಿಗೆ ಒಡೆಯುತ್ತದೆ. ಕಾಯಿ ಹೆಚ್ಚಾದರೆ ಕುಡಿಯಲು ಬಾರದಷ್ಟು ಮಂದವಾಗಿ ಸಾಸಿವೆ ಎಂಬ ಗಟ್ಟಿ ಮೇಲೋಗರದಂತಾಗುತ್ತದೆ. ಎಲೆ ಬಿಸಿ ಇರುವಾಗ ಮಜ್ಜಿಗೆ ಹೊಯ್ದರೂ ಕೆಡುತ್ತದೆ.

ಕಥೆಯ ದೃಷ್ಟಿಯಿಂದ ಗಮನಿಸಿ: ತಂಬುಳಿ ಒಂದೇ ಪಾತ್ರೆಯಿಂದ ಪಂಕ್ತಿಗೆಲ್ಲ ಬಡಿಸುವುದು. ಒಬ್ಬರಿಗೆ ಮಾತ್ರ ಏನೋ ಆಯಿತು ಅಂದರೆ ಪಾತ್ರೆ ನಿರ್ದೋಷಿ, ಅಡುಗೆಯವರೂ ನಿರ್ದೋಷಿ, ಅನುಮಾನ ಬಾಳೆ ಎಲೆಯ ಹತ್ತಿರ ಬಂದು ನಿಲ್ಲುತ್ತದೆ. ತಟ್ಟೆ, ಬಟ್ಟಲು, ಚಹಾದ ಕಪ್ಪು ಎಲ್ಲ ಬೇರೆಬೇರೆ ಇರುವ ಇಂಗ್ಲಿಷ್ ಊಟಕ್ಕೂ ನಮ್ಮ ಪಂಕ್ತಿಗೂ ಇರುವ ವ್ಯತ್ಯಾಸ ಇದು. ಊಟದ ದೃಶ್ಯವನ್ನು ಅನುವಾದ ಮಾಡಿದರೆ ಪತ್ತೇದಾರಿಯೇ ತಪ್ಪುತ್ತದೆ.

ಕಾರವಾರದ ಕಡೆಯ ಬಂಗಡೆ ಸಾರಿಗೆ ಹಾಕುವ ತೆಪ್ಪಲ್ ಅನ್ನೂ ಮರೆಯಬೇಡಿ. ಎಂಟು ಹತ್ತು ಕಾಯಿ, ಒಳಗಿನ ಕರಿ ಬೀಜ ತೆಗೆದು, ಜಜ್ಜಿ ಕೊನೆಗೆ ಹಾಕುವುದು. ಅದು ನಾಲಿಗೆ ಜುಮ್ಮೆನ್ನಿಸುತ್ತದೆ, ಜುಮ್ಮನಕಾಯಿ ಎಂದು ಹೆಸರು ಬಂದದ್ದೇ ಹಾಗೆ. ವತ್ಸನಾಭಿಯ ವಿಷದಲ್ಲೂ ಮೊದಲ ಲಕ್ಷಣ ಬಾಯಿ ಜುಮ್ಮೆನ್ನುವುದು. ಘಟ್ಟದ ಮೇಲಿನಿಂದ ಬಂದ, ತೆಪ್ಪಲ್ ತಿಂದು ಗೊತ್ತಿಲ್ಲದ ಅತಿಥಿ "ನಾಲಿಗೆ ಜುಮ್ಮೆನ್ನುತ್ತಿದೆ" ಎಂದು ಗಾಬರಿಯಾದರೆ ಇಡೀ ಊರನ್ನು 60 ಪುಟ ತಪ್ಪು ದಾರಿಗೆ ಹಚ್ಚಬಹುದು, ಯಾವ ಸುಳ್ಳೂ ಹೇಳದೆ.

ಕರಡುಪ್ರತಿ, ಶಿರಸಿ

ಪಂಚರ ವಿಷಯ ಮತ್ತು ಪಂಕ್ತಿಯ ವಿಷಯ ಎರಡೂ ಹೊಳೆದೇ ಇರಲಿಲ್ಲ, ತುಂಬಾ ಉಪಕಾರ. ಚರ್ಚೆಗೆ ಹಿತ್ತಿಲಗಿಡ ಅವರ ಪರೀಕ್ಷೆಯನ್ನೂ ಪುಸ್ತಕದಕಪಾಟು ಅವರ "ಎರಡು ಅಧ್ಯಾಯಕ್ಕೊಮ್ಮೆ ಅನುಮಾನ ಸರಿಯಬೇಕು" ಅನ್ನುವುದನ್ನೂ ಇಟ್ಟುಕೊಳ್ಳುತ್ತೇವೆ.

ಒಂದು ಕೇಳುವುದಿದೆ. ಬರೆಯಹೊರಟವರು ಕಥೆಯನ್ನು ಮಾರಿಕಾಂಬಾ ಜಾತ್ರೆಯ ಹೊತ್ತಿಗೆ ಇಡಬೇಕೆಂದಿದ್ದಾರೆ. ಎರಡು ವರ್ಷಕ್ಕೊಮ್ಮೆ ಬರುವುದರಿಂದ ಹೊರಗಿನ ಜನ ಊರಲ್ಲಿ ತುಂಬಿರುವುದಕ್ಕೆ ಕಾರಣ ತಾನಾಗಿ ಸಿಗುತ್ತದೆ. ಆದರೆ ಅವರ ಕರಡಿನಲ್ಲಿ ಸತ್ತವಳ ಅಂಗಳದ ಬೇಲಿಯಲ್ಲಿ ಗೌರಿಹೂವು ಅರಳಿದೆ, ನಾಯಕಿ ಅದನ್ನು ನೋಡಿಯೇ ಎಚ್ಚೆತ್ತುಕೊಳ್ಳುತ್ತಾಳೆ. ನಡೆಯುತ್ತದಾ?

ಹಿತ್ತಿಲಗಿಡ, ಸಿದ್ದಾಪುರ

ನಡೆಯುವುದಿಲ್ಲ. ಜಾತ್ರೆ ಬೇಸಿಗೆ ಕಾಲಿಡುವ ಹೊತ್ತಿಗೆ, ಫೆಬ್ರವರಿ ಮಾರ್ಚ್ ಆಸುಪಾಸು. ಗೌರಿಹೂವು ಮಳೆಗಾಲದ ಬಳ್ಳಿ, ಶ್ರಾವಣ ಭಾದ್ರಪದದಲ್ಲಿ ಅರಳುತ್ತದೆ, ಮಳೆ ಹೋದ ಮೇಲೆ ಬಳ್ಳಿ ಒಣಗಿ ಬೀಳುತ್ತದೆ. ಜಾತ್ರೆಯ ಹೊತ್ತಿಗೆ ಬೇಲಿಯ ಮೇಲೆ ಏನೂ ಇರುವುದಿಲ್ಲ, ಗಡ್ಡೆ ಮಾತ್ರ ಮಣ್ಣಿನೊಳಗೆ ಮಲಗಿರುತ್ತದೆ.

ಆದರೆ ಬದಲಿಸುವ ಮೊದಲು ಯೋಚಿಸಿ. ಹೂವು ತೆಗೆದುಹಾಕಿ, ಬೇಲಿಯ ಬುಡದಲ್ಲಿ ಹೊಸದಾಗಿ ಅಗೆದ ಮಣ್ಣು ಇಡಿ. ಮಾರ್ಚಿಯಲ್ಲಿ ಅಲ್ಲಿ ಗಡ್ಡೆ ಇದೆ ಎಂದು ಗೊತ್ತಿರಲು ಸಾಧ್ಯವಿರುವುದು ಹಿಂದಿನ ಭಾದ್ರಪದದಲ್ಲಿ ಅದೇ ಬೇಲಿಯಲ್ಲಿ ಹೂವು ಕಂಡವರಿಗೆ ಮಾತ್ರ. ಜಾತ್ರೆಗೆ ಬಂದ ಹೊರಗಿನವರೆಲ್ಲ ಒಂದೇ ಏಟಿಗೆ ಪಟ್ಟಿಯಿಂದ ಹೊರಗೆ. ಗೌರಿಹಬ್ಬಕ್ಕೆ ಆ ಮನೆಗೆ ಹೂವು ಕೊಯ್ಯಲು ಯಾರು ಯಾರು ಬಂದಿದ್ದರು ಎಂದು ನಿಮ್ಮ ನಾಯಕಿ ಕೇಳಿಕೊಂಡು ಹೊರಡಲಿ.